ಟ್ಯಾಂಕಿನ ಅಂಚಿನ ಕುಂಕುಮ

2021ರಲ್ಲಿ ನಾನು ಸಪ್ಲೈಯರ್ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾದರೂ ಕೆಲಸ ಸರಳ: ನಮ್ಮ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳಿಗೆ ಹೋಗಿ ತಪ್ಪು ಹುಡುಕುವುದು. ಈ ಕೆಲಸಕ್ಕೆ ನಾನು ಹುಟ್ಟುತ್ತಲೇ ಅರ್ಹಳಾಗಿದ್ದೆ ಎಂದು ನನ್ನ ಗಂಡ ಹೇಳುವುದುಂಟು. ಹನುಮಂತನಗರದ ಮನೆಯಿಂದ ಬಿ.ಟಿ.ಎಂ. ಲೇಔಟಿನ ಆಚೆಗಿದ್ದ ಆಫೀಸಿಗೆ ಇಪ್ಪತ್ತಾರು ವರ್ಷ ಓಡಾಡಿ ಕಳೆದ ವರ್ಷ ನಿವೃತ್ತಳಾದೆ. ಎಷ್ಟೋ ಕಾರ್ಖಾನೆಗಳ ಹೆಸರು ಈಗ ನೆನಪಿಗೇ ಬರುವುದಿಲ್ಲ. ಯಲಚೇನಹಳ್ಳಿಯ ಒಂದು ಶೆಡ್ ಮಾತ್ರ ಮರೆಯಲಾಗಿಲ್ಲ.

ನಮ್ಮದು ವಿದೇಶಿ ಕಂಪನಿ. ಚಿಪ್ ಮಾಡುವುದಿಲ್ಲ, ಚಿಪ್ ಮಾಡುವ ಯಂತ್ರಗಳನ್ನು ಮಾಡುತ್ತದೆ. ಈ ವ್ಯತ್ಯಾಸವನ್ನು ನನ್ನ ನೆಂಟರಿಗೆ ಇಪ್ಪತ್ತಾರು ವರ್ಷದಲ್ಲೂ ತಿಳಿಸಿಹೇಳಲು ನನ್ನಿಂದ ಆಗಲಿಲ್ಲ. ಆದರೆ ಈ ಕಥೆಗೆ ಅದೇ ಮುಖ್ಯವಾದ್ದರಿಂದ ಮತ್ತೊಮ್ಮೆ ಪ್ರಯತ್ನಿಸುತ್ತೇನೆ. ಒಂದು ದರ್ಶಿನಿಯಲ್ಲಿ ಇಡ್ಲಿ ವ್ಯಾಪಾರ ಹತ್ತರಲ್ಲಿ ಒಂದು ಪಾಲು ಇಳಿಯಿತು ಎನ್ನಿ. ಹೋಟೆಲಿನವನಿಗೆ ಅದು ದೊಡ್ಡ ಹೊಡೆತವೇನಲ್ಲ. ಆದರೆ ಅವನು ಈ ವರ್ಷ ಹೊಸ ಗ್ರೈಂಡರ್ ಕೊಳ್ಳುವುದಿಲ್ಲ, ಇರುವುದರಲ್ಲೇ ತಳ್ಳುತ್ತಾನೆ. ಊರಿನ ಹೋಟೆಲಿನವರೆಲ್ಲ ಹಾಗೇ ಮಾಡಿದರೆ ಗ್ರೈಂಡರ್ ಮಾಡುವವನ ವ್ಯಾಪಾರ ಅರ್ಧಕ್ಕೆ ಬೀಳುತ್ತದೆ. ಅವನ ಗೋಡೌನಿನಲ್ಲಿ ಹಳೆಯ ಕಲ್ಲುಗಳು ರಾಶಿ ಬಿದ್ದಿರುವುದರಿಂದ ಗ್ರೈಂಡರಿಗೆ ಕಲ್ಲು ಕಡೆದುಕೊಡುವವನಿಗೆ ಆ ವರ್ಷ ಒಂದು ಆರ್ಡರೂ ಬರುವುದಿಲ್ಲ. ಇಡ್ಲಿ ಎಂದರೆ ಚಿಪ್, ಗ್ರೈಂಡರ್ ಮಾಡುವವರು ನಾವು. ಕಲ್ಲು ಕಡೆಯುವವನು ಮುನಿರಾಜು.

ಮುನಿರಾಜುವಿಗೆ ಆಗ ಐವತ್ತು ದಾಟಿತ್ತು. ಯಲಚೇನಹಳ್ಳಿಯ ಹಳೆಯ ಮನೆತನ. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಶೆಡ್ ನಿಂತಿತ್ತು. ಅಲ್ಲಿಂದ ಮೆಟ್ರೋ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಸುತ್ತಮುತ್ತ ಅವರ ದಾಯಾದಿಗಳೆಲ್ಲ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು ಆರಾಮಾಗಿದ್ದರು. ಇವನೊಬ್ಬ ಐ.ಟಿ.ಐ. ಓದಿ, ಪೀಣ್ಯದಲ್ಲಿ ಹನ್ನೆರಡು ವರ್ಷ ಮೈಮುರಿದು ದುಡಿದು, ತನ್ನದೇ ಮಶೀನು ಇಟ್ಟುಕೊಂಡವನು. ಜಾಗ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿತ್ತು. ಅಣ್ಣ ಕೃಷ್ಣಪ್ಪನಿಗೆ ಅಲ್ಲಿ ನಾಲ್ಕು ಮಹಡಿಯ ಪಿ.ಜಿ. ಹಾಸ್ಟೆಲ್ ಕಟ್ಟುವ ಆಸೆ. ಇಬ್ಬರೂ ತಾಯಿಯ ಮುಂದೆ ಕೂತು ಒಂದು ಮಾತಿಗೆ ಬಂದಿದ್ದರು. ಮಶೀನು ಓಡುವವರೆಗೆ ಜಾಗ ತಮ್ಮನದು. ನಿಂತರೆ ಪಿ.ಜಿ. ಮೊದಲ ಭೇಟಿಯಲ್ಲೇ ಮುನಿರಾಜು ಇದನ್ನು ನನಗೆ ಹೇಳಿದ್ದ.

"ಆದ್ರಿಂದ ಒಂದೇ ಕೇಳ್ಕೊಳೋದು ಮೇಡಂ, ಒಂದೊಂದೇ ಆದ್ರೂ ಪರ್ವಾಗಿಲ್ಲ, ನಿಲ್ದೇ ಇರೋ ಕೆಲಸ ಕೊಡಿ" ಎಂದಿದ್ದ.

ನಾವು ಅವನಿಗೆ ಕೊಟ್ಟ ಕೆಲಸದ ಹೆಸರು ಶವರ್‌ಹೆಡ್. ಬಚ್ಚಲುಮನೆಯ ಶವರಿನ ಹಾಗೆಯೇ ತೂತುಗಳಿರುವ ಅಲ್ಯುಮಿನಿಯಂ ತಟ್ಟೆ. ನೀರಿನ ಬದಲು ಇದರಿಂದ ಅನಿಲ ಸುರಿಯುತ್ತದೆ, ಅದು ಬೀಳುವುದು ಚಿಪ್ಪಿನ ಮೇಲೆ. ಒಂದು ತಟ್ಟೆಯಲ್ಲಿ ಸಾವಿರದ ಇನ್ನೂರು ತೂತು, ಪ್ರತಿಯೊಂದೂ ಅರ್ಧ ಮಿಲಿಮೀಟರ್. ಯಾವ ತೂತಿನ ಅಂಚಿನಲ್ಲೂ ಕೂದಲೆಳೆಯಷ್ಟು ಲೋಹದ ಚೂರು ಉಳಿಯಬಾರದು. ಬೆವರಿನ ಉಪ್ಪು ತಾಕಬಾರದು, ಧೂಳು ತಾಕಬಾರದು. ತಾಕಿದರೆ ಎಲ್ಲೋ ಸಮುದ್ರದಾಚೆಯ ಫ್ಯಾಕ್ಟರಿಯಲ್ಲಿ ಒಂದು ದಿನದ ಚಿಪ್ಪುಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ.

ಅದಕ್ಕೇ ನಮ್ಮ ಉದ್ಯಮದಲ್ಲಿ 'ಫ್ರೀಜ್' ಎಂಬ ನಿಯಮವಿದೆ. ಒಂಬತ್ತು ತಿಂಗಳು ಪರೀಕ್ಷೆ ಮಾಡಿ ಒಂದು ಕಾರ್ಖಾನೆಗೆ ಅರ್ಹತೆ ಕೊಟ್ಟ ಮೇಲೆ ಅಲ್ಲಿ ಏನನ್ನೂ ಬದಲಿಸುವಂತಿಲ್ಲ. ಮಶೀನು ಒಂದಡಿ ಸರಿಯಬಾರದು, ತೊಳೆಯುವ ದ್ರಾವಣದ ಬ್ರ್ಯಾಂಡ್ ಬದಲಾಗಬಾರದು, ತರಬೇತಿ ಪಡೆದವರ ಬದಲು ಬೇರೆಯವರು ಮುಟ್ಟಬಾರದು. ಬದಲಾದರೆ ತಿಳಿಸಬೇಕು. ತಿಳಿಸಿದರೆ ಮತ್ತೆ ಪರೀಕ್ಷೆ. ಈ ನಿಯಮವನ್ನು ಕೈಯಲ್ಲಿ ಕೋಲು ಹಿಡಿದು ಕಾಯುವವಳು ನಾನು.

ಆ ಶೆಡ್ಡಿನಲ್ಲಿ ನನಗಿಂತ ಕಟ್ಟುನಿಟ್ಟಿನವಳು ಒಬ್ಬಳಿದ್ದಳು. ಜಯಲಕ್ಷ್ಮಿ, ಸುಬ್ರಹ್ಮಣ್ಯಪುರದವಳು, ನಲವತ್ತರ ಆಸುಪಾಸು. ಹಿಂದೆ ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿದ್ದಳು. ಮೈಕ್ರೋಸ್ಕೋಪಿನ ಮುಂದೆ ಕೂತು ಸಾವಿರದ ಇನ್ನೂರು ತೂತುಗಳನ್ನು ಒಂದೊಂದಾಗಿ ನೋಡುವ ಕೆಲಸ ಅವಳದು, ನೋಡಿದ ಮೇಲೆ ತಟ್ಟೆಯನ್ನು ಶಬ್ದದ ಅಲೆಗಳಿಂದ ತೊಳೆಯುವ ಅಲ್ಟ್ರಾಸೋನಿಕ್ ಟ್ಯಾಂಕಿನ ಉಸ್ತುವಾರಿಯೂ ಅವಳದೇ. ಆ ಟ್ಯಾಂಕಿದ್ದ, ಧೂಳು ನುಸುಳದ ಕ್ಲೀನ್ ರೂಮಿಗೆ ಹೋಗುವ ಮುಂಚೆ ಹೆಂಗಸರು ಬಳೆ ತೆಗೆಯಬೇಕು, ಹೂವು ತೆಗೆಯಬೇಕು, ಹಣೆಯ ಕುಂಕುಮ ತೊಳೆಯಬೇಕು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮ. ಸುಣ್ಣವೆಂದರೆ ಕ್ಯಾಲ್ಸಿಯಂ, ನಮ್ಮ ಪಾಲಿಗೆ ವಿಷ. ಈ ನಿಯಮ ಹೇಳಿದ ದಿನ ಹುಡುಗಿಯರು ಮುಖ ಸಿಂಡರಿಸಿದರು. ಜಯಲಕ್ಷ್ಮಿ ಮಾತ್ರ ಎದ್ದುಹೋಗಿ ಹಣೆ ತೊಳೆದುಕೊಂಡು ಬಂದಳು. ಒಮ್ಮೆ ನಾನೇ ಮರೆತು ಹಣೆಗಿಟ್ಟುಕೊಂಡು ಹೋದಾಗ ಬಾಗಿಲಲ್ಲೇ ತಡೆದು, "ಮೇಡಂ, ರೂಲ್ಸು ನಿಮ್ದೇ" ಎಂದಳು. ನಾನು ವಾಪಸ್ಸು ಹೋಗಿ ತೊಳೆದುಕೊಂಡೆ. ಅಂದಿನಿಂದ ಅವಳೆಂದರೆ ನನಗೆ ಒಂದು ಕೈ ಹೆಚ್ಚೇ ಗೌರವ.

ತಕರಾರು ಬಂದದ್ದು ಆಯುಧಪೂಜೆಗೆ. ಬೆಂಗಳೂರಿನಲ್ಲಿ ಆ ದಿನ ಆಟೋದಿಂದ ಹಿಡಿದು ಸ್ಟೇಪ್ಲರಿನವರೆಗೆ ಎಲ್ಲಕ್ಕೂ ಬೊಟ್ಟು ಬೀಳುತ್ತದೆ. ಕ್ಲೀನ್ ರೂಮಿನ ಟ್ಯಾಂಕಿಗೆ ಬೀಳುವಂತಿಲ್ಲ ಎಂದೆ. ಮುನಿರಾಜು ನನ್ನನ್ನೇ ಒಂದು ಕ್ಷಣ ನೋಡಿದ.

"ವರ್ಷವೆಲ್ಲಾ ಅನ್ನ ಕೊಡೋ ಮಶೀನಿಗೆ ಒಂದ್ ಬೊಟ್ಟಿಗೂ ಬರವಾ ಮೇಡಂ?"

ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಟ್ಯಾಂಕಿನ ಫೋಟೋ ತೆಗೆದು ಕಟ್ಟು ಹಾಕಿಸಿ, ಕ್ಲೀನ್ ರೂಮಿನ ಬಾಗಿಲ ಹೊರಗೆ ಇಟ್ಟು ಅದಕ್ಕೆ ಪೂಜೆ ಮಾಡುವುದು. 2021ರಲ್ಲೂ 2022ರಲ್ಲೂ ಹಾಗೇ ಆಯಿತು. ಫೋಟೋಗೆ ಹಾರ, ಫೋಟೋಗೆ ಬೊಟ್ಟು, ಹೊರಗೆ ಕುಂಬಳಕಾಯಿ. ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯಾಗಿತ್ತು. ಆಫೀಸಿನ ಒಂದು ಸಭೆಯಲ್ಲಿ ಅದನ್ನು ಸ್ಲೈಡಿನಲ್ಲಿ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

2022ರ ಜನವರಿಯಲ್ಲಿ ಶೆಡ್ಡಿಗೆ ಅರ್ಹತೆ ಸಿಕ್ಕಿತು. ಆಗ ಇಡೀ ಲೋಕದಲ್ಲಿ ಚಿಪ್ಪಿನ ಬರ. ಕಾರು ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲ. ತಿಂಗಳಿಗೆ ನಲವತ್ತು ತಟ್ಟೆ ಎಂದು ಶುರುವಾದದ್ದು ಮೇ ತಿಂಗಳಿಗೆ ಎಪ್ಪತ್ತಾಯಿತು. ಮುಂದಿನ ವರ್ಷಕ್ಕೆ ತಿಂಗಳಿಗೆ ನೂರಿಪ್ಪತ್ತು ಎಂದು ನಮ್ಮ ಫೋರ್‌ಕಾಸ್ಟ್ ಹೇಳಿತು. ಫೋರ್‌ಕಾಸ್ಟ್ ಎಂದರೆ ಮುಂದೆ ಎಷ್ಟು ಬೇಕಾದೀತು ಎಂಬ ಅಂದಾಜು, ಆರ್ಡರ್ ಅಲ್ಲ. ಕೊರತೆಯ ಕಾಲದಲ್ಲಿ ಹತ್ತು ಬೇಕಾದವರು ಇಪ್ಪತ್ತು ಕೇಳುತ್ತಾರೆ, ಹತ್ತಾದರೂ ಕೈಗೆ ಬರಲಿ ಎಂದು. ಆ ಇಪ್ಪತ್ತು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಮುನಿರಾಜುವಿನಂಥವರ ಬಾಗಿಲಿಗೆ ಬರುವಷ್ಟರಲ್ಲಿ ಪಕ್ಕಾ ನಿಜದ ವೇಷ ಹಾಕಿರುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹಿಂದೆ ಎರಡು ಇಳಿತಗಳನ್ನು ಕಣ್ಣಾರೆ ಕಂಡವಳು ನಾನು. ಆದರೂ ಅವನ ಶೆಡ್ಡಿಗೆ ಹೋಗಿ, ಎರಡನೇ ಟ್ಯಾಂಕು ಹಾಕಿ, ಇನ್ನೂ ಆರು ಜನರನ್ನು ತೆಗೆದುಕೊಳ್ಳಿ ಎಂದೆ. ಈ ಸಲ ಹಾಗಾಗಲಿಕ್ಕಿಲ್ಲ ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಅದೇ ನಮ್ಮ ಉದ್ಯಮದ ಕಾಯಿಲೆ, ನನಗೂ ತಗುಲಿತ್ತು.

ಅವನು ನನ್ನ ಮಾತು ನಂಬಿದ. ಹನ್ನೊಂದು ಜನರಿದ್ದ ಶೆಡ್ಡಿನಲ್ಲಿ ಹದಿನೇಳು ಜನರಾದರು. ಹೊಸ ಆರು ಹೆಂಗಸರಿಗೂ ಜಯಲಕ್ಷ್ಮಿಯೇ ತರಬೇತಿ ಕೊಟ್ಟಳು.

2022ರ ನವೆಂಬರಿನಲ್ಲಿ ಪುಶ್-ಔಟ್ ಮೇಲ್ ಬಂತು. ಆರ್ಡರನ್ನು ಮುಂದಿನ ದಿನಾಂಕಕ್ಕೆ ತಳ್ಳುವುದು ಎಂದು ಅರ್ಥ. ಫೋನು, ಲ್ಯಾಪ್‌ಟಾಪ್ ಮಾರಾಟ ಇಳಿದಿತ್ತು. ಚಿಪ್ ಮಾಡುವವರು ಹೊಸ ಯಂತ್ರ ಬೇಡವೆಂದರು. 'ಕ್ಯಾನ್ಸಲ್' ಎಂಬ ಪದ ಬಳಸಬಾರದೆಂದು ನಮಗೆ ಮೇಲಿನಿಂದ ಸೂಚನೆಯಿತ್ತು. ನಾನು ಶೆಡ್ಡಿಗೆ ಹೋದೆ. ಮುನಿರಾಜು ಮೇಲನ್ನು ಪ್ರಿಂಟ್ ತೆಗೆಸಿ ಕೈಯಲ್ಲಿ ಹಿಡಿದುಕೊಂಡಿದ್ದ.

"ಮೇಡಂ, ಪುಶ್-ಔಟ್ ಅಂದ್ರೆ ಮುಂದಕ್ ಹಾಕಿರೋದಾ, ಇಲ್ಲಾ ಕೈ ಎತ್ತಿರೋದಾ? ಒಂದ್ ಮಾತ್ ಹೇಳ್ಬಿಡಿ."

"ಮುಂದಕ್ಕೆ ಹಾಕಿರೋದು. ಎರಡು ಕ್ವಾರ್ಟರ್ ಅಷ್ಟೇ. ಜೂನಿಗೆ ಸರಿಹೋಗುತ್ತೆ" ಎಂದೆ.

ಆರು ತಿಂಗಳು ಎಂದು ಯಾರೂ ನನಗೆ ಹೇಳಿರಲಿಲ್ಲ. ಅವನ ಮುಖ ನೋಡಿ ನಾನೇ ಹೇಳಿದೆ.

2023ರ ಜನವರಿಯಿಂದ ಆಗಸ್ಟ್‌ವರೆಗೆ ಒಂದು ತಟ್ಟೆಯ ಆರ್ಡರೂ ಬರಲಿಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ನಮ್ಮ ದೊಡ್ಡವರು ಸಭೆ ಕರೆದು, ವರ್ಷದ ಎರಡನೇ ಅರ್ಧದಲ್ಲಿ ಚೇತರಿಕೆ ಎನ್ನುತ್ತಿದ್ದರು. ಎರಡನೇ ಅರ್ಧ ಬಂದ ಮೇಲೆ, ಬರುವ ವರ್ಷದ ಎರಡನೇ ಅರ್ಧ ಎಂದರು. ಶೆಡ್ಡಿನಲ್ಲಿ ಹದಿನೇಳು ಜನ ಹೋಗಿ ಮೂವರಾದರು. ಮೊದಲು ಹೋದವರು ಆ ಹೊಸ ಆರು ಜನ. ಕೃಷ್ಣಪ್ಪ ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ಮಶೀನಿನ ಸದ್ದು ಇದೆಯೋ ಇಲ್ಲವೋ ಎಂದು ಕೇಳಿಸಿಕೊಂಡು ಹೋಗುತ್ತಿದ್ದನಂತೆ. ಮುನಿರಾಜು ಆಟೋ ಬಿಡಿಭಾಗದ ಚಿಲ್ಲರೆ ಕೆಲಸ ತಂದು ಹೊರಗಿನ ಒಂದು ಮಶೀನನ್ನು ಹೇಗೋ ಓಡಿಸುತ್ತಿದ್ದ. ಕ್ಲೀನ್ ರೂಮಿನಲ್ಲಿ ಮಾತ್ರ ಬೇರೆ ಯಾವ ಕೆಲಸವನ್ನೂ ಮಾಡುವಂತಿರಲಿಲ್ಲ, ಮಾಡಿದರೆ ಫ್ರೀಜ್ ಮುರಿಯುತ್ತದೆ. ಅರ್ಹತೆ ಉಳಿಯಬೇಕಾದರೆ ಆ ಕೋಣೆಯನ್ನು ಇದ್ದ ಹಾಗೇ ಕಾಯಬೇಕು. ಆದ್ದರಿಂದ ಜಯಲಕ್ಷ್ಮಿ ವಾರಕ್ಕೆ ಮೂರು ದಿನ ಬಂದು, ಹಣೆ ತೊಳೆದು, ಗೌನು ಹಾಕಿ, ಟ್ಯಾಂಕಿಗೆ ಶುದ್ಧ ನೀರು ಹರಿಸಿ, ಅದನ್ನು ಇಪ್ಪತ್ತು ನಿಮಿಷ ಓಡಿಸಿ, ಲಾಗ್ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಿದ್ದಳು. ತೊಳೆಯಲು ತಟ್ಟೆ ಇಲ್ಲದ ಟ್ಯಾಂಕು, ಎಂಟು ತಿಂಗಳು. ಆ ಪುಸ್ತಕವನ್ನು ಆಡಿಟ್ ಮಾಡಿದ್ದು ನಾನೇ. ಒಂದು ಸಹಿಯೂ ತಪ್ಪಿರಲಿಲ್ಲ.

ಸೆಪ್ಟೆಂಬರಿನಲ್ಲಿ ಆರು ತಟ್ಟೆಗಳ ಆರ್ಡರ್ ಬಂತು. ಕೇವಲ ಆರು, ಡಿಸೆಂಬರಿಗೆ ಕೊಡಬೇಕು. ಆದರೆ ಇಳಿತ ಮುಗಿಯುವಾಗ ಮೊದಲು ಬರುವುದು ಇಂಥ ಪುಟ್ಟ ಆರ್ಡರುಗಳೇ. ನಾನು ಮುನಿರಾಜುವಿಗೆ ಫೋನ್ ಮಾಡಿದೆ. ಚಿಲ್ಲರೆ ಕೆಲಸವನ್ನು ಮಶೀನು ಓಡುವುದು ಎನ್ನಲಾಗದು ಎಂದು ಅಣ್ಣ ಸಂಕ್ರಾಂತಿಯವರೆಗೆ ಗಡುವು ಕೊಟ್ಟಿದ್ದಾನೆ, ಈ ಆರು ಪೀಸು ಹೋದರೆ ಅವನ ಬಾಯಿ ಮುಚ್ಚಿಸಬಹುದು ಎಂದ. ನನಗೂ ಎದೆ ಹಗುರಾಯಿತು. ಅಕ್ಟೋಬರ್ ಮಧ್ಯಕ್ಕೆ ಆರೂ ತಟ್ಟೆಗಳು ಕೊರೆದು ಮುಗಿದವು. ಜಯಲಕ್ಷ್ಮಿ ಏಳು ಸಾವಿರದ ಇನ್ನೂರು ತೂತುಗಳನ್ನೂ ನೋಡಿ ಮುಗಿಸಿದಳು. ಹಬ್ಬ ಕಳೆದ ಮೇಲೆ ಟ್ಯಾಂಕಿನಲ್ಲಿ ತೊಳೆದು, ಪ್ಯಾಕ್ ಮಾಡುವುದಷ್ಟೇ ಬಾಕಿಯಿತ್ತು.

ಆ ವರ್ಷ ಆಯುಧಪೂಜೆ ಸೋಮವಾರ ಬಂದಿತ್ತು. ವಿಜಯದಶಮಿಯ ಮರುದಿನ, ಬುಧವಾರ ಬೆಳಿಗ್ಗೆ ಮುನಿರಾಜುವಿನ ಫೋನ್ ಬಂತು.

"ಮೇಡಂ, ಒಂದ್ ತಪ್ಪಾಗಿದೆ. ಅವಳಿಗೆ ಬೈಬೇಡಿ."

ಆದದ್ದಿಷ್ಟು. ಸೋಮವಾರ ಎಂದಿನಂತೆ ಹೊರಗೆ ಫೋಟೋಗೆ ಪೂಜೆಯಾಗಿದೆ. ಎಲ್ಲರೂ ಪ್ರಸಾದ ತಿಂದು ಹೋದ ಮೇಲೆ ಜಯಲಕ್ಷ್ಮಿ ಒಬ್ಬಳೇ ಕ್ಲೀನ್ ರೂಮಿನೊಳಗೆ ಹೋಗಿದ್ದಾಳೆ. ಎರಡು ವರ್ಷ ಫೋಟೋಗೆ ಪೂಜೆ ಮಾಡಿ ಮಶೀನನ್ನು ಉಪವಾಸ ಕೆಡವಿದ್ದಕ್ಕೇ ಕೆಲಸ ನಿಂತಿತು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹೋಗುವ ಮುಂಚೆ ಗೌನು ಹಾಕಿದ್ದಾಳೆ, ಗ್ಲೌಸ್ ಹಾಕಿದ್ದಾಳೆ, ಹಣೆ ತೊಳೆದಿದ್ದಾಳೆ. ಆಮೇಲೆ ಗ್ಲೌಸಿನ ಬೆರಳಿನಲ್ಲೇ ಟ್ಯಾಂಕಿನ ಅಂಚಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದು ಬಂದಿದ್ದಾಳೆ. ಬುಧವಾರ ಬಾಗಿಲು ತೆಗೆದ ಮುನಿರಾಜು ನೋಡಿದ. ಇಬ್ಬರೂ ಸೇರಿ ಟ್ಯಾಂಕನ್ನು ಮೂರು ಸಲ ತೊಳೆದರು. ತಟ್ಟೆಗಳು ಪಕ್ಕದ ಕಪಾಟಿನಲ್ಲಿ ಡಬಲ್ ಕವರಿನಲ್ಲಿದ್ದವು.

"ಒರ್ಸಿದೀವಿ ಮೇಡಂ. ಯಾರ್ಗೂ ಗೊತ್ತಾಗಲ್ಲ. ಆದ್ರೆ ನಿಮ್ಗೆ ಹೇಳ್ದೆ ಕಳ್ಸಕ್ಕೆ ಮನಸ್ಸು ಬರ್ಲಿಲ್ಲ" ಎಂದ.

ಅವನು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ನಾನು ಕಣ್ಣುಮುಚ್ಚಿಕೊಂಡಿದ್ದರೆ ನನ್ನ ಮೇಲಿನವರಿಗೆ ತಿಳಿಯುತ್ತಿರಲಿಲ್ಲ. ಈಗಲೂ ಕೆಲವು ಸಲ ತಿಂಡಿ ಮಾಡುತ್ತಾ ಮಾಡುತ್ತಾ ಆ ಬುಧವಾರ ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೆ ಅಂದು ನನ್ನ ಬುದ್ಧಿಗೆ ತೋಚಿದ್ದು ಹೀಗೆ: ಇಷ್ಟು ಪ್ರಾಮಾಣಿಕವಾಗಿ ತಾವಾಗಿಯೇ ಹೇಳಿದವರನ್ನು ಕಂಪನಿ ಕೈಬಿಡುವುದಿಲ್ಲ. ವರದಿ ಬರೆಯೋಣ, ಜೊತೆಗೆ ಪರೀಕ್ಷೆಗೆ ಕಳಿಸೋಣ, ವಾರದಲ್ಲಿ ಮುಗಿಯುತ್ತದೆ. ಹಾಗೆಂದು ಅವನಿಗೂ ಹೇಳಿದೆ. "ನೀವ್ ಹೇಳಿದ್ಮೇಲೆ ಸರಿ" ಎಂದ.

ಟ್ಯಾಂಕಿನಲ್ಲಿ ಕೂಪನ್ ತೊಳೆಸಿದೆ. ಕೂಪನ್ ಎಂದರೆ ತಟ್ಟೆಯದೇ ಲೋಹದ ಬೆರಳುದ್ದದ ಪಟ್ಟಿ. ತಟ್ಟೆಯನ್ನು ತೊಳೆಯುವ ಹಾಗೇ ಇದನ್ನೂ ತೊಳೆದು ವಿದೇಶದಲ್ಲಿರುವ ನಮ್ಮ ಲ್ಯಾಬಿಗೆ ಕಳಿಸಿದರೆ, ಮೇಲೆ ಯಾವ ಧಾತು ಎಷ್ಟಿದೆ ಎಂದು ಅವರು ಅಳೆದು ಹೇಳುತ್ತಾರೆ. ನಾಲ್ಕು ಕೂಪನ್ ಕಳಿಸಿ, ಎರಡು ಪುಟದ ವರದಿ ಬರೆದೆ. ಅದರಲ್ಲಿ ಒಂದು ಹಳೆಯ ಘಟನೆಯನ್ನೂ ನೆನಪಿಸಿದೆ. 2022ರ ಜೂನಿನಲ್ಲಿ, ಅಂದರೆ ಭರಾಟೆಯ ಕಾಲದಲ್ಲಿ, ಬೇರೊಂದು ದೇಶದ ಸಪ್ಲೈಯರ್ ಕಳಿಸಿದ್ದ ಮೂವತ್ತು ತಟ್ಟೆಗಳ ಮೇಲೆ ಎಣ್ಣೆಯ ಕಲೆಯೇ ಇತ್ತು. ಅಂದು ನಮ್ಮವರು ಒಂದೇ ದಿನದಲ್ಲಿ ವೇವರ್ ಎಂಬ ವಿನಾಯಿತಿ ಪತ್ರಕ್ಕೆ ಸಹಿ ಹಾಕಿ, ಇಲ್ಲೇ ಮತ್ತೊಮ್ಮೆ ತೊಳೆದು ಬಳಸಿಕೊಂಡಿದ್ದರು. ಯಂತ್ರ ಸಾಗಿಸುವ ಆತುರವಿತ್ತು. ಆ ಪತ್ರಕ್ಕೆ ನಾನೂ ಸಹಿ ಹಾಕಿದ್ದೆ.

ಉತ್ತರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಮೂರು ಸಾಲಿನ ಮೇಲ್. ಫ್ರೀಜ್ ಮುರಿದಿದೆ. ಮರು ಅರ್ಹತೆ ಅಗತ್ಯ. ಪರೀಕ್ಷೆಗೆ ಬೇಕಾದ ಯಂತ್ರಗಳನ್ನು ವೆಚ್ಚ ಕಡಿತದ ಕಾರಣ ನಿಲ್ಲಿಸಿರುವುದರಿಂದ, ಮುಂದಿನ ಸೂಚನೆಯವರೆಗೆ ಈ ಸಪ್ಲೈಯರನ್ನು ನಿಷ್ಕ್ರಿಯ ಪಟ್ಟಿಗೆ ಸೇರಿಸುವುದು. ಹಳೆಯ ಘಟನೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ನಾನು ಫೋನ್ ಮಾಡಿ ಜಗಳವಾಡಿದೆ. ಕೂಪನ್ ಫಲಿತಾಂಶ ಬರುವವರೆಗಾದರೂ ತಡೆಯಿರಿ ಎಂದು ಬೇಡಿಕೊಂಡೆ. ಲ್ಯಾಬಿನಲ್ಲಿ ಅರ್ಧ ಜನರನ್ನು ತೆಗೆದಿದ್ದಾರೆ, ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು. ಆರು ತಟ್ಟೆಗಳ ಆರ್ಡರ್ ಬೇರೆಯವರಿಗೆ ಹೋಯಿತು. ಎಣ್ಣೆಯ ಕಲೆಯ ತಟ್ಟೆ ಕಳಿಸಿದ್ದವರಿಗೇ.

ಈ ಸುದ್ದಿ ಹೇಳಲು ನಾನೇ ಶೆಡ್ಡಿಗೆ ಹೋದೆ. ಜಯಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಮಾತು ಮುಗಿಯುವ ಮುಂಚೆಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಮುನಿರಾಜು ಅವಳ ಹಿಂದೆ ನೋಡುತ್ತಾ ಒಂದೇ ಮಾತು ಕೇಳಿದ.

"ನಾನ್ ಫೋನ್ ಮಾಡ್ದೆ ಇದ್ದಿದ್ರೆ ಮೇಡಂ?"

ನೀವು ಸರಿಯಾದದ್ದನ್ನೇ ಮಾಡಿದಿರಿ ಎಂದೆ. ಆ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ಸಂಕ್ರಾಂತಿ ಕಳೆದ ವಾರಕ್ಕೆ ಕೃಷ್ಣಪ್ಪ ಬಂದ. ಅವನನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಒಂದು ವರ್ಷ ಕಾದಿದ್ದ, ಮಾತಿಗೆ ತಪ್ಪಿದವನಲ್ಲ. ಮಶೀನುಗಳು ಕೊಯಮತ್ತೂರಿನ ಲಾರಿ ಹತ್ತಿದವು. ಟ್ಯಾಂಕುಗಳನ್ನು ಯಾರೂ ಕೊಳ್ಳಲಿಲ್ಲ. ಅಷ್ಟು ಶುದ್ಧವಾಗಿ ತೊಳೆಯಬೇಕಾದ ವಸ್ತು ಬೇರೆ ಯಾರ ಬಳಿಯೂ ಇರಲಿಲ್ಲ. ಎರಡೂ ಗುಜರಿಗೆ ತೂಕಕ್ಕೆ ಹೋದವು. ಫೆಬ್ರವರಿಯಲ್ಲಿ ಶೆಡ್ ಕೆಡವಿದರು.

ಮಾರ್ಚ್ ಮೊದಲ ವಾರ ಲ್ಯಾಬಿನಿಂದ ಫಲಿತಾಂಶ ಬಂತು. ನಾಲ್ಕೂ ಕೂಪನ್ ಪಾಸ್. ಕ್ಯಾಲ್ಸಿಯಂ, ಸೋಡಿಯಂ, ಎರಡೂ ಯಂತ್ರದ ಅಳತೆಗೆ ಸಿಗದಷ್ಟು ಕಡಿಮೆ. ಮುನಿರಾಜು, ಜಯಲಕ್ಷ್ಮಿ ಮೂರು ಸಲ ತೊಳೆದದ್ದು ಅಷ್ಟು ಚೆನ್ನಾಗಿತ್ತು. ಆ ಹಾಳೆಯನ್ನು ನಾನು ಯಾರಿಗೂ ತೋರಿಸಲಿಲ್ಲ, ಮುನಿರಾಜುವಿಗೂ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ. ಹದಿನೈದು ತಿಂಗಳು ಅದು ನನ್ನ ಮೇಜಿನ ಡ್ರಾಯರಿನಲ್ಲೇ ಬಿದ್ದಿತ್ತು.

ಏರುಗಾಲ ಬರುತ್ತದೆ ಎಂದು ನಾನು ಹೇಳಿದ್ದು ಸುಳ್ಳಾಗಲಿಲ್ಲ. 2025ರ ಜೂನಿನಲ್ಲಿ ಮೆಮೊರಿ ಚಿಪ್ಪಿಗೆ ಮತ್ತೆ ನೂಕುನುಗ್ಗಲು ಶುರುವಾಯಿತು. ಅದೇ ಶವರ್‌ಹೆಡ್, ಅದೇ ನಂಬರು, ತಿಂಗಳಿಗೆ ನೂರ ಅರವತ್ತು ಎಂದು ಫೋರ್‌ಕಾಸ್ಟ್. ನಮ್ಮ ಪ್ಲಾನಿಂಗ್ ವಿಭಾಗದ ಶ್ರೀನಿವಾಸ ನನ್ನ ಮೇಜಿಗೆ ಉತ್ಸಾಹದಿಂದ ಬಂದ. "ಮೇಡಂ, ಆ ಯಲಚೇನಹಳ್ಳಿ ಪಾರ್ಟಿನ ಆ್ಯಕ್ಟಿವೇಟ್ ಮಾಡ್ಸಿ. ಕ್ವಾಲಿಫಿಕೇಶನ್ ಏನಿಲ್ಲ, ಎರಡು ವಾರದಲ್ಲಿ ವೇವರ್ ಕೊಡ್ತಾರಂತೆ" ಎಂದ. ಅವನದೇನೂ ತಪ್ಪಿರಲಿಲ್ಲ. ಆದರೂ ಅವನ ಮೇಲೆ ರೇಗಿದೆ. ಅವನು ಗಾಬರಿಯಾಗಿ ಹೊರಟುಹೋದ.

ಆ ಶನಿವಾರ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಯಲಚೇನಹಳ್ಳಿಗೆ ಹೋದೆ. ಶೆಡ್ ಇದ್ದಲ್ಲಿ ನಾಲ್ಕು ಮಹಡಿಯ ಪಿ.ಜಿ., ಬಾಲ್ಕನಿ ತುಂಬ ಒಣಹಾಕಿದ ಟವೆಲ್ಲುಗಳು. ಮುನಿರಾಜು ಕೆಳಗೆ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕಾಫಿ ತರಿಸಿದ. ಫೋರ್‌ಕಾಸ್ಟ್ ವಿಷಯ ಹೇಳಿದೆ, ನಕ್ಕ. ಹಾಳೆ ಕೊಟ್ಟೆ. ಓದಿ, ಮಡಚಿ ವಾಪಸ್ಸು ಕೊಟ್ಟ.

"ನಂಗ್ಯಾಕೆ ಮೇಡಂ ಇದು? ಜಯಮ್ಮಂಗೆ ಕೊಡಿ. ಅವ್ಳಿಂದ್ಲೇ ಮುಚ್ಚೋಯ್ತು ಅಂತ ಕೊರಗ್ತಾ ಇದಾಳೆ. ಆಮೇಲೆ ಈ ಕಡೆ ಕಾಲೇ ಇಟ್ಟಿಲ್ಲ."

ಸುಬ್ರಹ್ಮಣ್ಯಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಜಯಲಕ್ಷ್ಮಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಬಂದಳು. ಸೊರಗಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ, "ಆವತ್ತು ನಾನ್ ಹಂಗ್ ಮಾಡ್ದೆ ಇದ್ದಿದ್ರೆ ಮುನಿರಾಜಣ್ಣನ ಶೆಡ್ ಉಳೀತಿತ್ತು. ಎಲ್ರೂ ವಾಪಸ್ ಬರೋರು" ಎಂದಳು. ಅದನ್ನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ ಎಂದು ಆ ದನಿಯಲ್ಲೇ ತಿಳಿಯುತ್ತಿತ್ತು. ನಾನು ಹಾಳೆ ಬಿಚ್ಚಿ ಅವಳ ಕೈಗೆ ಕೊಟ್ಟೆ. ಇದನ್ನು ನೋಡಿದರೆ ಅವಳ ಎದೆಯ ಭಾರ ಇಳಿಯುತ್ತದೆ ಎಂದೇ ನಂಬಿದ್ದೆ. ಒಂದು ಒಳ್ಳೆಯ ಕೆಲಸಕ್ಕೆ ಬಂದಿದ್ದೇನೆ ಎಂದುಕೊಂಡಿದ್ದೆ.

ವರದಿ ಓದುವುದನ್ನು ಅವಳಿಗೆ ನಾನೇ ಕಲಿಸಿದ್ದೆ. ಬೆರಳು ನೇರವಾಗಿ ಕ್ಯಾಲ್ಸಿಯಂ ಸಾಲಿಗೆ ಹೋಯಿತು.

"ಇಲ್ವಾ?"

"ಇಲ್ಲ ಜಯಾ. ಏನೂ ಇರಲಿಲ್ಲ. ನೀನು ತೊಳೆದದ್ದು ಸರಿಯಾಗೇ ಇತ್ತು. ನಿನ್ನದೇನೂ ತಪ್ಪಿಲ್ಲ."

ಅವಳು ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಮುಖದಲ್ಲಿ ನೆಮ್ಮದಿ ಬರಲಿಲ್ಲ. ಬಂದದ್ದು ಬೇರೇನೋ, ಅದನ್ನು ಕಂಡು ನನಗೆ ಹೆದರಿಕೆಯಾಯಿತು.

"ಹಂಗಾದ್ರೆ ಯಾಕ್ ಮುಚ್ಚಿದ್ರು ಮೇಡಂ?"

ಫೋನ್ ಮಾರಾಟ, ಚಿಪ್ಪಿನ ದಾಸ್ತಾನು, ಲ್ಯಾಬಿನಲ್ಲಿ ತೆಗೆದ ಜನ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂತು. ಇಪ್ಪತ್ತಾರು ವರ್ಷ ಅದನ್ನೇ ಎಲ್ಲರಿಗೂ ವಿವರಿಸಿದವಳು ನಾನು. ಬಿಸಿಲಿನಲ್ಲಿ ಬಕೆಟ್ ಪಕ್ಕಕ್ಕಿಟ್ಟು ನಿಂತಿದ್ದ ಆ ಹೆಂಗಸಿನ ಮುಂದೆ ಒಂದು ಮಾತೂ ಹೊರಡಲಿಲ್ಲ. ಒಳಗಿನಿಂದ ಸೂಪರ್‌ವೈಸರ್ ಕೂಗಿದ. ಹಾಳೆಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಏರುಗಾಲದಲ್ಲಿ ಎಲ್ಲ ತಪ್ಪಿಗೂ ವಿನಾಯಿತಿ ಇದೆ, ಇಳಿಗಾಲದಲ್ಲಿ ತಪ್ಪಿಲ್ಲದವರಿಗೂ ಇಲ್ಲ. ಅದೇ ನಿಯಮ, ಅದೇ ಸಹಿ, ಬದಲಾಗುವುದು ಕಾಲ ಮಾತ್ರ. ಬೇಡಿಕೆ ಖಂಡಿತ ಮರಳಿ ಬರುತ್ತದೆ, ಆದರೆ ಯಾರ ಬಳಿಯಿಂದ ಹೋಯಿತೋ ಅವರ ಬಳಿಗೇ ಬರಬೇಕೆಂದಿಲ್ಲ. ಇದನ್ನು ಮುನಿರಾಜುವಿಗೆ 2022ರಲ್ಲೇ ಹೇಳಬೇಕಾದವಳು ನಾನಾಗಿದ್ದೆ. ಜಯಲಕ್ಷ್ಮಿಯ ಬಳಿ ಒಂದೂವರೆ ವರ್ಷ ಒಂದು ಕಾರಣವಾದರೂ ಇತ್ತು. ತಪ್ಪು ಕಾರಣವೇ ಇರಬಹುದು, ಹಿಡಿದುಕೊಂಡು ಅಳಲು ಅದು ಸಾಕಾಗಿತ್ತು. ಆ ಮಧ್ಯಾಹ್ನ ನಾನು ಅದನ್ನೂ ಕಿತ್ತುಕೊಂಡು ಬಂದೆ, ಬದಲಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ.